ಐವತ್ತು ಮಿಲಿಸೆಕೆಂಡಿನ ಅಂತರ: ಸೇಬರ್ ಕಣದಲ್ಲಿ ನನ್ನ ಅನುಭವ

ಕತ್ತಿವರಸೆಯ (ಫೆನ್ಸಿಂಗ್) ಒಂದು ಬಗೆಯಾದ ಸೇಬರ್ ಸ್ಪರ್ಧೆಗಳಲ್ಲಿ ಮೊದಲ ಕೆಲವು ವರ್ಷ ನಾನು ಗೆದ್ದದ್ದು ಬಹುಮಟ್ಟಿಗೆ ಒಂದೇ ಏಟಿನ ಬಲದಿಂದ. ಎದುರಾಳಿ ದಾಳಿಗೆಂದು ಮುನ್ನುಗ್ಗುವಾಗ ಹಿಂದೆ ಸರಿಯುತ್ತಲೇ, ಚಾಚಿಕೊಳ್ಳುತ್ತಿರುವ ಅವನ ಮುಂದೋಳಿಗೆ ಅಲಗಿನಂಚಿನಿಂದ ಚಿಕ್ಕದಾಗಿ ಹೊಡೆಯುವುದು ನನ್ನ ಪದ್ಧತಿಯಾಗಿತ್ತು. ಏಟು ತಾಗಿದೊಡನೆ ಅಂಕ ದಾಖಲಿಸುವ ಯಂತ್ರದಲ್ಲಿ ಹೊಡೆದವನ ದೀಪ ಹೊತ್ತುತ್ತದೆ; ಇಬ್ಬರ ದೀಪವೂ ಹೊತ್ತಿದರೆ ಅಂಕ ದಾಳಿ ಮಾಡಿದವನಿಗೇ ಸಲ್ಲುತ್ತದೆ. ಹಾಗಾಗಿ ಅವನ ದೀಪ ಹೊತ್ತದಂತೆ ನೋಡಿಕೊಳ್ಳುವುದರಲ್ಲೇ ನನ್ನ ಜಾಣ್ಮೆಯೆಲ್ಲ ಇತ್ತು. ಒಬ್ಬರ ಏಟು ದಾಖಲಾಗಿ 120 ಮಿಲಿಸೆಕೆಂಡ್ ಕಳೆದರೆ ಯಂತ್ರ ಇನ್ನೊಬ್ಬರ ಏಟನ್ನು ಸ್ವೀಕರಿಸುತ್ತಿರಲಿಲ್ಲ.

2016ರಲ್ಲಿ ಈ ಅವಧಿ 170 ಮಿಲಿಸೆಕೆಂಡ್ ಆಯಿತು. ಮೊದಲು ಒಂದೇ ದೀಪ ಹೊತ್ತುತ್ತಿದ್ದ ಕಡೆ ಈಗ ಎರಡೂ ಹೊತ್ತತೊಡಗಿದವು, ಐದು ಅಂಕಗಳ ಪೂಲ್ (ಆರಂಭಿಕ ಗುಂಪು ಸುತ್ತಿನ) ಪಂದ್ಯಗಳನ್ನೇ ಸಾಲಾಗಿ ಸೋತೆ. ರೆಫರಿಗಳ ಮೇಲೆ ಸಿಟ್ಟಾಗಿದ್ದೆನೆಂದು ಒಪ್ಪಿಕೊಳ್ಳಬೇಕು; ವಿಡಿಯೊ ನೋಡಿದಾಗ ಅವರ ತೀರ್ಪಿನಲ್ಲಿ ಯಾವ ದೋಷವೂ ಕಾಣಲಿಲ್ಲ.

ಆಮೇಲೆ ಕಲಿತದ್ದು ಹೊಡೆಯದೆ ಇರುವುದನ್ನು. ಸೇಬರ್‌ನಲ್ಲಿ ಮುನ್ನಡೆಯುವಾಗ ಹಿಂದಿನ ಕಾಲು ಮುಂದಿನದನ್ನು ದಾಟುವಂತಿಲ್ಲವಾದ್ದರಿಂದ ದಾಳಿಕೋರ ಓಡಿ ಬರಲಾರ. ಕೊನೆಗೆ ಲಂಜ್ (ಮುಂಗಾಲನ್ನು ದೂರಕ್ಕೆ ಚಾಚಿ ಎರಗುವುದು) ಮಾಡಲೇಬೇಕು, ಅದು ತಲುಪದೆ ಹೋದರೆ ಮೈಯನ್ನು ಮತ್ತೆ ನೆಟ್ಟಗೆ ತಂದುಕೊಳ್ಳಲು ಅವನಿಗೆ ಒಂದಿಷ್ಟು ಹೊತ್ತು ಬೇಕು. ದಾಳಿಯ ಹಕ್ಕು, ಅಂದರೆ ಎರಡೂ ದೀಪ ಹೊತ್ತಿದಾಗ ಅಂಕ ಪಡೆಯುವ ಹಕ್ಕು, ನನ್ನ ಕಡೆಗೆ ಹೊರಳುವುದು ಆಗಲೇ. ಅಭ್ಯಾಸದಲ್ಲಿ ಜೊತೆಗಾರ ಪೂರ್ಣ ವೇಗದಲ್ಲಿ ಲಂಜ್ ಮಾಡುತ್ತಿದ್ದ, ಅವನ ಮೊನೆ ನನ್ನ ಎದೆಯಿಂದ ಗೇಣು ದೂರದಲ್ಲಿ ನಿಲ್ಲುವಷ್ಟು ಮಾತ್ರ ನಾನು ಹಿಂದೆ ಸರಿಯಬೇಕಿತ್ತು. ಗೇಣಿಗಿಂತ ಹೆಚ್ಚು ದೂರ ಸರಿದರೆ ಮರುದಾಳಿಗೆ ತಡವಾಗುತ್ತದೆ, ಕಡಿಮೆಯಾದರೆ ಏಟು ಬೀಳುತ್ತದೆ. ತಿಂಗಳುಗಟ್ಟಲೆ ಇದನ್ನೇ ಮಾಡಿದೆವು, ಅಲಗಿನಿಂದ ತಡೆಯುವ ಪ್ಯಾರಿಯನ್ನು ಬೇಕೆಂದೇ ಬದಿಗಿಟ್ಟು. ಹದಿನಾಲ್ಕು ಮೀಟರ್ ಉದ್ದದ ಸ್ಪರ್ಧಾ ಅಂಕಣವಾದ ಪಿಸ್ಟ್‌ನಲ್ಲಿ ನನ್ನ ಬೆನ್ನ ಹಿಂದೆ ಎಷ್ಟು ಜಾಗ ಉಳಿದಿದೆಯೆಂಬ ಅಂದಾಜು ತಿರುಗಿ ನೋಡದೆಯೇ ಸಿಗುವಂತಾದದ್ದು ಈ ಅಭ್ಯಾಸದಿಂದಲೇ. ಮುಂಗಾಲಿನ ಮಂಡಿ ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಹದಿನೈದು ಅಂಕಗಳ ನಾಕೌಟ್ ಪಂದ್ಯದಲ್ಲಿ ಯಾರಾದರೊಬ್ಬರು ಎಂಟು ಮುಟ್ಟಿದಾಗ ಒಂದು ನಿಮಿಷದ ವಿರಾಮ ಸಿಗುತ್ತದೆ. ಮೊದಲೆಲ್ಲ ಆ ನಿಮಿಷ ನೀರು ಕುಡಿಯುವುದರಲ್ಲೇ ಮುಗಿಯುತ್ತಿತ್ತು; ಈಗ ಎದುರಾಳಿ ಲಂಜ್‌ಗೆ ಮೊದಲು ಎಷ್ಟು ಹೆಜ್ಜೆ ಇಡುತ್ತಾನೆಂದು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತೇನೆ. ಹಳೆಯ ಮುಂದೋಳಿನ ಏಟನ್ನು ಪೂರ್ತಿ ಬಿಟ್ಟಿಲ್ಲ. ಕೊನೆಯ ಹೆಜ್ಜೆಯಲ್ಲಿ ತೋಳನ್ನು ಹಿಂದಕ್ಕೆ ಸೆಳೆದುಕೊಳ್ಳುವ ಚಟವಿದ್ದವರು ಎದುರಾದರೆ ಮಾತ್ರ, ಅದೂ ಪಂದ್ಯಕ್ಕೊಂದು ಸಲ, ಹೊರತೆಗೆಯುತ್ತೇನೆ.