ಹಲ್ಲಿನ ಕ್ಲಿನಿಕ್ಕಿನಲ್ಲಿ ರಕ್ತ ಚೆಲ್ಲಿದಾಗ: ನಾವು ಮಾಡುವ ಕ್ರಮ

ದವಡೆ ಹಲ್ಲು ಕಿತ್ತು, ಗಾಯಕ್ಕೆ ಗಾಜ್ ಕಚ್ಚಿಸಿ, "ಉಗುಳಬೇಡಿ, ನುಂಗಿಬಿಡಿ" ಎಂದು ಹೇಳಿಯೇ ಕಳಿಸಿರುತ್ತೇವೆ. ರೋಗಿ ಚೀಟಿ ಹಿಡಿದು ಹೊರಗಿನ ಬೆಂಚಿನ ತನಕ ಹೋಗುವಷ್ಟರಲ್ಲಿ ಬಾಯಿ ತುಂಬಿ, ಗಾಜ್ ಸಮೇತ ನೆಲಕ್ಕೆ ಉಗುಳಿಬಿಡುತ್ತಾರೆ. ನಮ್ಮ ಕ್ಲಿನಿಕ್ಕುಗಳಲ್ಲಿ ರಕ್ತ ಚೆಲ್ಲುವುದೆಂದರೆ ಹೆಚ್ಚಿನ ಸಲ ಇಷ್ಟೇ, ಎಂಜಲು ಬೆರೆತ ನಾಲ್ಕೈದು ಹನಿ. ಅದರ ಮೇಲೆ ಹೈಪೊಕ್ಲೋರೈಟ್ (ಕ್ಲೋರಿನ್ ಇರುವ ಕ್ರಿಮಿನಾಶಕ ದ್ರಾವಣ) ಸುರಿದು ಆ ಕ್ಷಣವೇ ಮಾಪ್ ಎಳೆಯುವ ರೂಢಿ ಬಹಳ ಕಡೆ ಇದೆ. ಕಲೆ ಮಾಯವಾಗುತ್ತದೆ. ಮಾಪಿಗೆ ಹತ್ತಿದ ರಕ್ತ ಪಕ್ಕದ ಕೋಣೆಗೂ ಹೋಗುತ್ತದೆ.

ಇದರಲ್ಲಿ ತಪ್ಪಾಗುವುದು ಎರಡು ಕಡೆ. ಮೊದಲನೆಯದು, ರಕ್ತದಲ್ಲಿರುವ ಪ್ರೋಟೀನು ಕ್ಲೋರಿನ್ನನ್ನು ತಿಂದುಹಾಕುತ್ತದೆ. ಹನಿಯ ಮೇಲ್ಪದರ ಕಂದು ಬಣ್ಣಕ್ಕೆ ತಿರುಗಿ ಹೆಪ್ಪುಗಟ್ಟುತ್ತದೆ, ಒಳಗಿನದು ಹಾಗೆಯೇ ಉಳಿಯುತ್ತದೆ. ಎರಡನೆಯದು, ಕ್ಲೋರಿನ್ನಿಗೆ ಕೆಲಸ ಮಾಡಲು ಸಮಯ ಬೇಕು. ಹೊರಗೆ ಆರು ಜನ ಕಾಯುತ್ತಿರುವಾಗ ಆ ಸಮಯವನ್ನು ಯಾರೂ ಕೊಡುವುದಿಲ್ಲ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಂಡಿರುತ್ತದೆ ಎಂಬುದನ್ನು ನೆನಪಿಟ್ಟರೆ ಹತ್ತು ನಿಮಿಷ ದೊಡ್ಡದೆನಿಸುವುದಿಲ್ಲ.

ಕೆಲವೇ ಹನಿಗಳಾದರೆ ನಾವು ಮಾಡುವುದು ಹೀಗೆ. ಮೊದಲು ಆ ಜಾಗಕ್ಕೆ ಪ್ಲಾಸ್ಟಿಕ್ ಸ್ಟೂಲ್ ಅಡ್ಡ ಇಡುತ್ತೇವೆ, ಚಪ್ಪಲಿಗೆ ಹತ್ತಿ ಹರಡಬಾರದು. ಗ್ಲೌಸ್ ಹಾಕಿಕೊಂಡು ಟಿಶ್ಯೂನಿಂದ ರಕ್ತವನ್ನು ಪೂರ್ತಿ ಹೀರಿಸಿ ತೆಗೆದು ಸೋಂಕಿನ ಕಸದ ಹಳದಿ ಚೀಲಕ್ಕೆ ಹಾಕುತ್ತೇವೆ. ಒರೆಸುವಾಗ ಅಂಚಿನಿಂದ ನಡುವಿಗೆ ಬರಬೇಕು. ನಡುವಿನಿಂದ ಹೊರಗೆ ಎಳೆದರೆ ಅಂಗೈಯಗಲದ ಕಲೆ ಮೊಳದಗಲ ಆಗುತ್ತದೆ. ಆಮೇಲೆ 1% ಹೈಪೊಕ್ಲೋರೈಟ್ ಹಾಕಿ ಗಡಿಯಾರ ನೋಡಿ 10 ನಿಮಿಷ ಬಿಡುತ್ತೇವೆ. ಆ ಹತ್ತು ನಿಮಿಷವೂ ಜಾಗ ಒದ್ದೆಯಾಗಿಯೇ ಇರಬೇಕು. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ನಾಲ್ಕೇ ನಿಮಿಷದಲ್ಲಿ ಒಣಗಿಬಿಡುವುದುಂಟು, ಆಗ ಇನ್ನೊಮ್ಮೆ ಹಾಕಬೇಕು. ಕೊನೆಗೆ ಬರೀ ನೀರಿನಿಂದ ಒರೆಸುತ್ತೇವೆ.

ಬಾಯಿಯಿಂದ ಎಂಜಲು, ರಕ್ತ ಎಳೆಯುವ ಸಕ್ಷನ್ ಯಂತ್ರದ ಬಾಟಲಿ ಉರುಳಿದಾಗ, ರೋಗಿ ರಕ್ತ ವಾಂತಿ ಮಾಡಿದಾಗ ಕ್ರಮ ಬೇರೆ. ಅಷ್ಟೊಂದು ರಕ್ತವನ್ನು ಮೊದಲೇ ಒರೆಸಲು ಹೋದರೆ ಒರೆಸುವವರ ಮೈಮೇಲೇ ಸಿಡಿಯುತ್ತದೆ. ಟಿಶ್ಯೂ ಅಥವಾ ಹಳೇ ಹತ್ತಿ ಬಟ್ಟೆಯಿಂದ ಮುಚ್ಚಿ, ಅದರ ಮೇಲೆ ಹೈಪೊಕ್ಲೋರೈಟನ್ನು ಅಂಚಿನಿಂದ ಶುರುಮಾಡಿ ಮೆಲ್ಲಗೆ ಹೊಯ್ಯಬೇಕು. 20 ನಿಮಿಷ ಬಿಟ್ಟು, ಎರಡು ರಟ್ಟಿನ ತುಂಡುಗಳಿಂದ ಬಾಚಿ ಹಳದಿ ಚೀಲಕ್ಕೆ ಹಾಕಿ, ನೆಲವನ್ನು ಸೋಪಿನ ನೀರಿನಿಂದ ತೊಳೆದು, ಮತ್ತೆ ಹೊಸ ಹೈಪೊಕ್ಲೋರೈಟ್ ಹಾಕಿ 10 ನಿಮಿಷ ಕಾಯಬೇಕು. ಮೊದಲ ಸಲ ಹಾಕಿದ್ದರ ಶಕ್ತಿ ರಕ್ತಕ್ಕೇ ಖರ್ಚಾಗಿರುತ್ತದೆ, ನೆಲವನ್ನು ಶುದ್ಧ ಮಾಡುವುದು ಎರಡನೆಯದು. ಒಡೆದ ಗಾಜು, ಬ್ಲೇಡು, ಹಲ್ಲಿನ ಚೂರು ಅದರೊಳಗೆ ಇದ್ದರೆ ಫೋರ್ಸೆಪ್ಸಿನಿಂದಲೇ (ಚಿಮಟದಿಂದಲೇ) ಎತ್ತಬೇಕು. ಎಷ್ಟೇ ದಪ್ಪ ಗ್ಲೌಸ್ ಇರಲಿ, ಕೈ ಹಾಕಬಾರದು.

ಇದಕ್ಕೆಲ್ಲ ಬೇಕಾದದ್ದನ್ನು ಒಂದು ಡಬ್ಬದಲ್ಲಿ ಜೋಡಿಸಿ ವಾಶ್‌ಬೇಸಿನ್ ಪಕ್ಕ ಇಟ್ಟಿದ್ದೇವೆ: ದಪ್ಪ ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ, ಪ್ಲಾಸ್ಟಿಕ್ ಏಪ್ರನ್, ಟಿಶ್ಯೂ ಸುರುಳಿ, ರಟ್ಟು, ಫೋರ್ಸೆಪ್ಸ್, ಎರಡು ಹಳದಿ ಚೀಲ. ರಕ್ತ ಕಂಡ ಮೇಲೆ ಹುಡುಕಲು ಹೊರಟರೆ ಸಿಗುವುದು ನೆಲ ಒರೆಸುವ ಬಟ್ಟೆ ಮಾತ್ರ.

ಇನ್ನು ಹೈಪೊಕ್ಲೋರೈಟ್. ಹೆಚ್ಚು ಎಡವುವುದು ಇಲ್ಲೇ. ಕ್ಯಾನಿನ ಮೇಲೆ ಎಷ್ಟು ಶೇಕಡ ಎಂದು ಬರೆದಿದೆಯೋ ಅದನ್ನು ಓದದೆ "ಒಂದಕ್ಕೆ ಒಂಬತ್ತು ನೀರು" ಎಂದು ಎಲ್ಲದಕ್ಕೂ ಬೆರೆಸುತ್ತಾರೆ. ಆ ಲೆಕ್ಕ 10% ಕ್ಯಾನಿಗೆ ಮಾತ್ರ ಸರಿ. 5% ಇದ್ದರೆ 200 ಮಿಲಿಗೆ 800 ಮಿಲಿ ನೀರು, 4% ಇದ್ದರೆ 250ಕ್ಕೆ 750. ಬೇರು ನಾಳದ ಚಿಕಿತ್ಸೆಗೆ ತರಿಸಿದ 3% ಬಾಟಲಿಯೇ ಕೈಗೆ ಸಿಕ್ಕರೆ ಒಂದು ಪಾಲಿಗೆ ಎರಡು ಪಾಲು. 5% ಕ್ಯಾನಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಉಳಿಯುವುದು ಅರ್ಧ ಶೇಕಡ, ರಕ್ತದ ಮುಂದೆ ಅದು ನಿಲ್ಲುವುದಿಲ್ಲ. ಬ್ಲೀಚಿಂಗ್ ಪೌಡರ್ ಬಳಸುವವರು ಹೊಸ ಪೊಟ್ಟಣದಿಂದ ಲೀಟರಿಗೆ ಸುಮಾರು 30 ಗ್ರಾಂ ಕಲಸಿ, ತಿಳಿ ಬಸಿದುಕೊಳ್ಳಬಹುದು. ಬಾಯಿ ತೆರೆದಿಟ್ಟ ಹಳೇ ಪೌಡರಿನಲ್ಲಿ ಬರೀ ಸುಣ್ಣ ಉಳಿದಿರುತ್ತದೆ.

ಬಿಸಿಲು, ಸೆಕೆ ಎರಡೂ ಕ್ಲೋರಿನ್ನನ್ನು ಹಾರಿಸುತ್ತವೆ. ಬೆಳಿಗ್ಗೆ ಬೆರೆಸಿ, ಬೆಳಕು ತೂರದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮೇಲೆ ಆ ದಿನದ ತಾರೀಖು ಬರೆದು, ಸಂಜೆ ಉಳಿದದ್ದನ್ನು ಚೆಲ್ಲುತ್ತೇವೆ. ಬಾತ್‌ರೂಮ್ ತೊಳೆಯುವ ಆಸಿಡ್ ಜೊತೆ ಇದನ್ನು ಎಂದೂ ಸೇರಿಸಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಆಸಿಡ್ ಬಾಟಲಿಯನ್ನು ಬೇರೆಯೇ ಕಪಾಟಿನಲ್ಲಿ ಇಡುವುದು ಇದಕ್ಕಾಗಿ. ಸ್ಪಿರಿಟ್‌ನಿಂದ ರಕ್ತ ಒರೆಸುವುದೂ ತಪ್ಪು. ಅದು ಪ್ರೋಟೀನನ್ನು ಅಲ್ಲೇ ಅಂಟಿಸಿಬಿಡುತ್ತದೆ.

ಕುರ್ಚಿಯ ರೆಕ್ಸಿನ್ ಮೇಲೆ ಹನಿ ಬಿದ್ದರೂ ಕ್ರಮ ಅದೇ, ಆದರೆ ಹತ್ತು ನಿಮಿಷ ಮುಗಿದ ಮೇಲೆ ಎರಡು ಸಲ ನೀರಿನಿಂದ ಒರೆಸುತ್ತೇವೆ. ಬಿಟ್ಟರೆ ರೆಕ್ಸಿನ್ ಪೆಡಸಾಗಿ ಬಿರಿಯುತ್ತದೆ, ಆ ಬಿರುಕಿನೊಳಗೆ ಸೇರಿದ ರಕ್ತವನ್ನು ತೆಗೆಯಲು ಸಾಧ್ಯವೇ ಇಲ್ಲ. ನೆಲದ ರಕ್ತಕ್ಕಿಂತ ನನಗೆ ಭಯ ಕಣ್ಣಿಗೆ ಬೀಳದ ರಕ್ತದ್ದು. ದೀಪದ ಹಿಡಿಯ ಒಳಬದಿ, ಕುರ್ಚಿಯ ಸ್ವಿಚ್ಚು, ಗ್ಲೌಸ್ ಕೈಯಲ್ಲೇ ಎಳೆದ ಡ್ರಾಯರಿನ ಅಂಚು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಕಂದು ಚುಕ್ಕೆಗಳು ಕಾಣುತ್ತವೆ. ಈ ಜಾಗಗಳಿಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ, ಪ್ರತಿ ರೋಗಿಗೂ ಬದಲಿಸುತ್ತೇವೆ.

ಸಕ್ಷನ್ ಪೈಪಿನೊಳಗೆ ಮಾತ್ರ ಹೈಪೊಕ್ಲೋರೈಟ್ ಬಿಡಬೇಡಿ. ಲೋಹದ ಭಾಗಗಳನ್ನು ತಿನ್ನುತ್ತದೆ, ಪೈಪಿನಲ್ಲಿ ಕೂತಿರುವ ಬೆಳ್ಳಿ ಫಿಲ್ಲಿಂಗಿನ ಚೂರುಗಳಿಂದ ಪಾದರಸವನ್ನೂ ಬಿಡಿಸುತ್ತದೆ. ಪ್ರತಿ ರೋಗಿಯ ನಂತರ ಒಂದು ಲೋಟ ತಣ್ಣೀರು ಎಳೆಸಿದರೆ ಸಾಕು. ಬಿಸಿನೀರು ಬೇಡ, ರಕ್ತ ಒಳಗೇ ಗಟ್ಟಿಯಾಗುತ್ತದೆ. ಸಂಜೆ ಸಕ್ಷನ್‌ಗೆಂದೇ ಬರುವ ನೊರೆಯಾಗದ ದ್ರಾವಣ. ರೋಗಿಗೆ ಸಕ್ಷನ್ ನಳಿಕೆಯನ್ನು ತುಟಿಯಿಂದ ಬಿಗಿಯಾಗಿ ಹಿಡಿದುಕೊಳ್ಳಿ ಎಂದು ಹೇಳುವುದನ್ನೂ ನಿಲ್ಲಿಸಿದ್ದೇವೆ. ಹಾಗೆ ಮಾಡಿದಾಗ ಪೈಪಿನಲ್ಲಿರುವುದು ಬಾಯಿಗೆ ವಾಪಸ್ ಬರಬಹುದು.

ರಕ್ತ ಹತ್ತಿದ ಉಪಕರಣಗಳನ್ನು ಹೈಪೊಕ್ಲೋರೈಟಿನಲ್ಲಿ ನೆನೆಹಾಕಿದರೆ ತುಕ್ಕು. ತಣ್ಣೀರಿಗೆ ಎಂಜೈಮ್ ದ್ರಾವಣ ಬೆರೆಸಿ ನೆನೆಸಿ, ನೀರಿನ ಮಟ್ಟದ ಕೆಳಗೇ ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಪೌಚಿಗೆ ಹಾಕಬೇಕು. ಸಾದಾ ಆಟೋಕ್ಲೇವಿನಲ್ಲಿ (ಒತ್ತಡದ ಉಗಿಯಿಂದ ಕ್ರಿಮಿ ಕೊಲ್ಲುವ ಯಂತ್ರ) ಪೌಚಿಗೆ 121 ಡಿಗ್ರಿಯಲ್ಲಿ 30 ನಿಮಿಷ. ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನೊಳಗೆ ಸಣ್ಣ ನಳಿಕೆಗಳಿರುವುದರಿಂದ ಮೊದಲು ಗಾಳಿ ಎಳೆದು ಆಮೇಲೆ ಉಗಿ ಬಿಡುವ ಕ್ಲಾಸ್ ಬಿ ಆಟೋಕ್ಲೇವೇ ಬೇಕು. ಹ್ಯಾಂಡ್‌ಪೀಸನ್ನು ಬಿಚ್ಚುವ ಮುನ್ನ 20–30 ಸೆಕೆಂಡು ನೀರು, ಗಾಳಿ ಓಡಿಸಿ. ಪೌಚಿನ ಮೇಲಿನ ಸೂಚಕ ಪಟ್ಟಿಯ ಬಣ್ಣ ಬದಲಾದರೆ ಪೊಟ್ಟಣಕ್ಕೆ ಶಾಖ ತಟ್ಟಿದೆ ಎಂದಷ್ಟೇ ಅರ್ಥ. ಕ್ರಿಮಿ ಸತ್ತದ್ದು ತಿಳಿಯಲು ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆ (ಸುಲಭಕ್ಕೆ ಸಾಯದ ಕ್ರಿಮಿಬೀಜಗಳನ್ನು ಒಳಗಿಟ್ಟು ಸತ್ತವೋ ಎಂದು ನೋಡುವುದು) ಮಾಡಬೇಕು. ಬೋರ್‌ವೆಲ್ ನೀರು ಹಾಕಿದರೆ ಆಟೋಕ್ಲೇವಿನೊಳಗೆ ಸುಣ್ಣ ಕಟ್ಟುತ್ತದೆ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ಕಸದ ವಿಷಯ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಸ್ಪಷ್ಟವಾಗಿದೆ. ರಕ್ತದ ಹತ್ತಿ, ಗಾಜ್, ಕಿತ್ತ ಹಲ್ಲು ಹಳದಿಗೆ. ಗ್ಲೌಸ್, ಸಕ್ಷನ್ ನಳಿಕೆ, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚದ ಬಿಳಿ ಡಬ್ಬಕ್ಕೆ. ಗಾಜಿನ ವಯಲು ನೀಲಿಗೆ. ಬೆಳ್ಳಿ ಫಿಲ್ಲಿಂಗ್ ಇರುವ ಹಲ್ಲನ್ನು ನಾವು ಹಳದಿಗೆ ಹಾಕುವುದಿಲ್ಲ, ಸುಟ್ಟಾಗ ಪಾದರಸ ಗಾಳಿಗೆ ಸೇರುತ್ತದೆ. ಅದಕ್ಕೆ ಬೇರೆ ಬಿಗಿಮುಚ್ಚಳದ ಡಬ್ಬಿಯಿದೆ.

ಸೂಜಿ ಚುಚ್ಚಿದರೆ ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ, ಸ್ಪಿರಿಟ್ಟೂ ಬೇಡ. ಹರಿಯುವ ನೀರು, ಸೋಪು. ಕಣ್ಣಿಗೆ ಸಿಡಿದರೆ ಬರೀ ನೀರು. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಪ್ಪದೆ ನುಂಗಬೇಕು. ಜಿಲ್ಲಾ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರದ ಫೋನ್ ನಂಬರನ್ನು ಗೋಡೆಗೆ ಅಂಟಿಸಿದ್ದೇವೆ.

ಹೆಪಟೈಟಿಸ್ ಬಿ ಲಸಿಕೆಯನ್ನು ಡಾಕ್ಟರು ಹಾಕಿಸಿಕೊಂಡಿರುತ್ತಾರೆ, ನೆಲ ಒರೆಸುವ ಅಕ್ಕನಿಗೆ ಹಾಕಿಸುವುದನ್ನು ಬಹಳ ಕಡೆ ಮರೆಯುತ್ತಾರೆ. ಕಸದ ಚೀಲದಿಂದ ಹೊರಗೆ ಚಾಚಿದ ಸೂಜಿ ಮೊದಲು ಚುಚ್ಚುವುದು ಅವರ ಕೈಗೆ. ಕೆಲಸಕ್ಕೆ ಸೇರಿದ ದಿನ ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಅದಾಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ, ಪ್ರತಿಕಾಯ (ರೋಗ ತಡೆಯುವ ಅಂಶ) ಮಿಲಿಗೆ 10 mIUಗಿಂತ ಕಡಿಮೆ ಬಂದರೆ ಮತ್ತೆ ಲಸಿಕೆ. ಅವರ ಲಸಿಕೆಯ ತಾರೀಖುಗಳನ್ನೂ ನಮ್ಮ ತಾರೀಖುಗಳ ಪಕ್ಕದಲ್ಲೇ, ಅದೇ ಪುಸ್ತಕದಲ್ಲಿ ಬರೆದಿಡುತ್ತೇವೆ.