ಕೆಲಸದಲ್ಲಿ ಪೆಟ್ಟಾದರೆ ಮೊದಲು ಆಸ್ಪತ್ರೆ ಚೀಟಿ ಓದಿ ನೋಡಿ

ಬೈತಖೋಲ ಬಂದರಿನಲ್ಲಿ ಬೋಟಿನ ವಿಂಚಿಗೆ ಬೆರಳು ಸಿಕ್ಕಿರಲಿ, ಶಿರಸಿಯ ಸಾಮಿಲ್‌ನಲ್ಲಿ ಗರಗಸ ತಾಗಿರಲಿ, ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದಿರಲಿ, ಪ್ರಕರಣ ಕೆಡುವುದು ಹೆಚ್ಚಾಗಿ ಆಸ್ಪತ್ರೆಯ ಕೌಂಟರಿನಲ್ಲೇ. ಕರೆತಂದವರು ‘ಪೊಲೀಸ್ ರಗಳೆ ಯಾಕೆ’ ಅಂತ ‘ಮನೆಯಲ್ಲಿ ಜಾರಿ ಬಿದ್ದ’ ಎಂದು ಬರೆಸಿಬಿಡುತ್ತಾರೆ. ಮುಂದೆ ವಿಮಾ ಕಂಪನಿಯ ವಕೀಲರು ಎತ್ತಿ ಹಿಡಿಯುವುದು ಆ ಒಂದು ಸಾಲನ್ನೇ.

ಆದ್ದರಿಂದ ಕಾರವಾರದ ಕ್ರಿಮ್ಸ್ ಇರಲಿ, ಶಿರಸಿಯ ಪಂಡಿತ ಆಸ್ಪತ್ರೆ ಇರಲಿ, ಯಾರ ಹತ್ತಿರ ಕೆಲಸ, ಎಲ್ಲಿ, ಎಷ್ಟು ಗಂಟೆಗೆ, ಯಾವ ಯಂತ್ರಕ್ಕೆ ಸಿಕ್ಕಿದ್ದು ಎಂದು ಬಿಡಿಸಿ ಹೇಳಿ. ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಿ, ಅದರ ನಂಬರ್ ಬರೆದಿಟ್ಟುಕೊಳ್ಳಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಕಳಿಸಿದರೆ ರೆಫರ್ ಚೀಟಿಯಲ್ಲೂ ಅದೇ ವಿವರ ಇದೆಯೇ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೇ ಹೊರಡಿ. ತಪ್ಪು ಕಂಡರೆ ಡಿಸ್ಚಾರ್ಜ್ ಆಗುವ ಮೊದಲೇ ತಿದ್ದಿಸಿ.

ಎರಡನೆಯದು, ಮಾಲೀಕರಿಗೆ ಬರಹದಲ್ಲಿ ತಿಳಿಸುವುದು. ಫೋನಿನಲ್ಲಿ ಹೇಳಿದ್ದು ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಹೆಸರು, ದಿನಾಂಕ, ಆದದ್ದೇನು ಎಂದು ನಾಲ್ಕು ಸಾಲು ಬರೆದು ಸ್ಪೀಡ್ ಪೋಸ್ಟಿನಲ್ಲಿ ರಿಜಿಸ್ಟ್ರೇಶನ್ ಮಾಡಿಸಿ ಕಳಿಸಿದರೆ ಸಾಕು. ಜೊತೆಗೆ ವಾಟ್ಸಾಪ್ ಮಾಡಿದರೂ ಒಳ್ಳೆಯದು. ನೋಟಿಸು ತಲುಪಿ 3 ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ವೈದ್ಯರಿಂದ ಪರೀಕ್ಷೆ ಮಾಡಿಸುತ್ತೇನೆಂದರೆ ಹೋಗಿ. ಒಲ್ಲೆ ಎಂದರೆ ಅಷ್ಟು ದಿನದ ಪರಿಹಾರ ನಿಲ್ಲುತ್ತದೆ.

ಇನ್ನು ದುಡ್ಡಿನ ವಿಷಯ. ಮೊದಲು ಸಂಬಳದ ಚೀಟಿ ನೋಡಿ. ಅದರಲ್ಲಿ ಇಎಸ್‌ಐಗೆಂದು (ಸರ್ಕಾರದ ನೌಕರರ ವಿಮಾ ಯೋಜನೆ) 0.75% ಕಡಿತ ಇದ್ದರೆ ನಿಮ್ಮ ದಾರಿ ಬೇರೆ. ಸಂಬಳ ತಿಂಗಳಿಗೆ 21,000 ರೂಪಾಯಿಯವರೆಗೆ ಇರುವವರಿಗೆ ಇದು ಅನ್ವಯ. ಕೆಲಸ ಮಾಡಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ 90% ಸಿಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸಿಗುತ್ತದೆ, ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿಲ್ಲ. ಮಾಲೀಕರು ಅಪಘಾತ ವರದಿಯನ್ನು ಫಾರಂ 12ರಲ್ಲಿ ಕಳಿಸಬೇಕು. ಇಎಸ್‌ಐ ವೈದ್ಯರ ಸರ್ಟಿಫಿಕೇಟನ್ನು ನಡುವೆ ಒಂದು ದಿನವೂ ತಪ್ಪದಂತೆ ಮುಂದುವರಿಸಿಕೊಂಡು ಹೋಗುವುದು ನಿಮ್ಮ ಕೆಲಸ. ಇಎಸ್‌ಐ ಇದ್ದರೆ ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ಪರಿಹಾರ ಕೇಳಲು ಬರುವುದಿಲ್ಲ.

ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಲೆಕ್ಕದ ಸೂತ್ರ ಮಾತ್ರ ಹಳೆಯದೇ. ತೋಟದ ಕೆಲಸ, ಕಾಡಿನ ಕೆಲಸ, ಮೀನುಗಾರಿಕೆಗಳೂ ಪಟ್ಟಿಯಲ್ಲಿವೆ. ಕಾರ್ಖಾನೆಯವರಿಗಷ್ಟೇ ಎಂದುಕೊಂಡು ಕೂರಬೇಡಿ. ಬೋಟಿನಲ್ಲಿ ಪಾಲಿನ ಲೆಕ್ಕದಲ್ಲಿ ದುಡಿಯುವವರಿಗೆ ಮಾತ್ರ ‘ಇವನು ಕೂಲಿಯಾಳಲ್ಲ, ಪಾಲುದಾರ’ ಎಂಬ ವಾದ ಎದುರಾಗುತ್ತದೆ. ಅಂಥವರು ಮೀನುಗಾರರಿಗಾಗಿ ಇರುವ ಕೇಂದ್ರದ ಮತ್ಸ್ಯಸಂಪದ ಯೋಜನೆಯ ಅಪಘಾತ ವಿಮೆಯನ್ನೂ ಕೇಳಿಡಬೇಕು: ಮರಣಕ್ಕೆ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಆದರೆ 2.5 ಲಕ್ಷ.

ದುಡಿಯಲಾಗದ ದಿನಗಳಿಗೆ ‘ರಜೆ ಸಂಬಳ’ ಎಂದು ಜನ ಕೇಳುವುದಕ್ಕೆ ಈ ಕಾಯ್ದೆಯಲ್ಲಿರುವುದು ಅರ್ಧ ತಿಂಗಳಿಗೊಮ್ಮೆ ಮಾಸಿಕ ಸಂಬಳದ 25%, ಅಂದರೆ ತಿಂಗಳಿಗೆ ಅರ್ಧ ಸಂಬಳ. ಮೊದಲ ಕಂತು 16ನೇ ದಿನಕ್ಕೆ. 28 ದಿನದೊಳಗೆ ಗುಣವಾದರೆ ಮೊದಲ 3 ದಿನಕ್ಕೆ ಇಲ್ಲ; 28 ಮುಟ್ಟಿದರೆ ಮೊದಲ ದಿನದಿಂದಲೇ. ಅಂಗಡಿ, ಹೋಟೆಲಿನವರಿಗೆ ರಾಜ್ಯದ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನದ ಕಾಯಿಲೆ ರಜೆ ಇದೆ, ಅದು ಬೇರೆ ಬಾಬತ್ತು. ಆಸ್ಪತ್ರೆ ಖರ್ಚೂ ಬೇರೆಯೇ. ‘ಬಿಲ್ ನಾನೇ ಕಟ್ಟಿದ್ದೇನಲ್ಲ’ ಎಂದು ಮಾಲೀಕರು ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ.

ಶಾಶ್ವತ ಊನವಾದರೆ ಲೆಕ್ಕ ಹೀಗೆ. ಸಾಮಿಲ್ ಕೆಲಸಗಾರನಿಗೆ 35 ವರ್ಷ, ಸಂಬಳ 13,000, ಹೆಬ್ಬೆರಳು ಹೋಗಿದೆ ಎನ್ನಿ. ಸಂಬಳದ 60% ಅಂದರೆ 7,800. 35ರ ವಯಸ್ಸಿಗೆ ಕಾಯ್ದೆಯ ಕೋಷ್ಟಕದ ಅಂಕಿ 197.06. ಗುಣಿಸಿದರೆ 15,37,068. ಹೆಬ್ಬೆರಳಿಗೆ ಗಳಿಕೆ ಶಕ್ತಿಯ ನಷ್ಟ 30% ಎಂದು ನಿಗದಿಯಾಗಿದೆ, ಹಾಗಾಗಿ ಸುಮಾರು 4,61,120 ರೂಪಾಯಿ. ಅದೇ ಮಾಲೀಕರ ಪುಸ್ತಕದಲ್ಲಿ ಸಂಬಳ 9,000 ಎಂದಿದ್ದು, ನಿಮ್ಮ ಕೈಯಲ್ಲಿ ಬೇರೆ ದಾಖಲೆ ಇಲ್ಲದಿದ್ದರೆ? 3,19,237ಕ್ಕೆ ಇಳಿಯುತ್ತದೆ. ಕೈಗೆ ನಗದು ಎಣಿಸಿ ಕೊಡುವ ಕಡೆ ಇದೇ ಆಗುವುದು. ಬಟವಾಡೆ ಬರೆದ ನೋಟ್‌ಬುಕ್, ಫೋನ್‌ಪೇ ಸಂದೇಶ, ಜೊತೆ ದುಡಿದವರ ಹೇಳಿಕೆ ಯಾವುದನ್ನೂ ಬಿಸಾಡಬೇಡಿ. 2020ರ ಅಧಿಸೂಚನೆಯ ಪ್ರಕಾರ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ. ಮರಣವಾದರೆ 60%ರ ಬದಲು 50%.

ಇಲ್ಲಿ ಒಂದು ಬಾಂಡ್ ಪೇಪರ್ ಬರುತ್ತದೆ. ‘ಐವತ್ತು ಸಾವಿರ ತಗೊಂಡಿದ್ದೇನೆ, ಇನ್ನು ತಕರಾರಿಲ್ಲ’ ಎಂಬ ಒಕ್ಕಣೆ, ಕೆಳಗೆ ಹೆಬ್ಬೆಟ್ಟು. ಹಕ್ಕು ಬಿಟ್ಟುಕೊಡುವ ಇಂಥ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ರಾಜಿ ಮಾಡಿಕೊಳ್ಳುವುದೇ ಆದರೆ ಅದು ಇಂಥ ಪ್ರಕರಣಗಳನ್ನು ವಿಚಾರಿಸುವ ಪರಿಹಾರ ಆಯುಕ್ತರ ಮುಂದೆ ನೋಂದಣಿಯಾಗಬೇಕು. ಮರಣ ಪ್ರಕರಣದಲ್ಲಂತೂ ಹಣವನ್ನು ಅವರಲ್ಲೇ ಠೇವಣಿ ಇಡಬೇಕು. ಮನೆಯವರ ಕೈಗೆ ಕೊಟ್ಟದ್ದು ಪರಿಹಾರವೆಂದು ಲೆಕ್ಕಕ್ಕೆ ಬರುವುದಿಲ್ಲ, ಮೂರು ತಿಂಗಳ ಸಂಬಳದಷ್ಟು ಮುಂಗಡವೊಂದನ್ನು ಬಿಟ್ಟು. ತೋಟದ ಯಜಮಾನರೂ ಇದನ್ನು ತಿಳಿದಿರಬೇಕು, ಇಲ್ಲವಾದರೆ ಎರಡೆರಡು ಸಲ ಕೊಡುವ ಪಾಡಾಗುತ್ತದೆ. ಕೊಯ್ಲಿಗೆ ಮೊದಲೇ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರ ಹೆಸರಿನಲ್ಲಿ ವಿಮೆ ಇಳಿಸಿದ್ದರೆ ಊರವರ ಮೇಲೇ ಕೇಸು ಹಾಕುವ ಇಕ್ಕಟ್ಟೂ ತಪ್ಪುತ್ತದೆ.

ಗುತ್ತಿಗೆದಾರ ಫೋನ್ ಎತ್ತುತ್ತಿಲ್ಲವೇ? ಕೆಲಸ ಯಾರದೋ ಆ ಮೂಲ ಮಾಲೀಕರನ್ನೇ ಕೇಳಬಹುದು. ಕೊಟ್ಟದ್ದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವರ ತಲೆಬಿಸಿ.

ಅರ್ಜಿ ಹಾಕಲು 2 ವರ್ಷ ಕಾಲಾವಕಾಶ. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರಾಗಿ ಇವನ್ನು ವಿಚಾರಣೆ ಮಾಡುತ್ತ ಬಂದಿದ್ದಾರೆ. ಪೆಟ್ಟಾದ ಜಾಗದಲ್ಲೇ ಹಾಕಬೇಕೆಂದಿಲ್ಲ: ಮಾಜಾಳಿ ದಾಟಿ ಗೋವಾಕ್ಕೆ ಕೆಲಸಕ್ಕೆ ಹೋಗುವವರು ತಾವು ವಾಸವಿರುವ ಕಾರವಾರದಲ್ಲೇ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಒಂದು ತಿಂಗಳೊಳಗೆ ಕೊಡದ ಪರಿಹಾರಕ್ಕೆ ವರ್ಷಕ್ಕೆ 12% ಬಡ್ಡಿ ಬೀಳುತ್ತದೆ, ಕಾರಣವಿಲ್ಲದೆ ಎಳೆದಾಡಿದ್ದರೆ 50%ರವರೆಗೆ ದಂಡವೂ ಉಂಟು. ಎರಡನ್ನೂ ಅರ್ಜಿಯಲ್ಲೇ ಕೇಳಿ. ಮೇಲ್ಮನವಿ ಹೋಗುವುದು ಧಾರವಾಡದ ಹೈಕೋರ್ಟ್ ಪೀಠಕ್ಕೆ. ಮಾಲೀಕರು ಹೋಗುವುದಾದರೆ ತೀರ್ಪಿನ ಹಣ ಠೇವಣಿ ಇಟ್ಟೇ ಹೋಗಬೇಕು.