ಮೊಳ ಹಾಕಿ ನಿಲ್ಲಿಸಿದ ಗುಡಾರ

ನಮ್ಮ ಸಭೆಯ ಕುಟುಂಬ ಕೂಟದಲ್ಲಿ ಇಸ್ರಾಯೇಲ್ಯರು ಮರುಭೂಮಿಯಲ್ಲಿ ಹೊತ್ತು ಸಾಗುತ್ತಿದ್ದ ಆರಾಧನೆಯ ಡೇರೆ, ಅಂದರೆ ದೇವದರ್ಶನದ ಗುಡಾರದ ಬಗ್ಗೆ ಮೊದಲ ಸಲ ಪಾಠ ಹೇಳಿದಾಗ ಸೋತುಹೋದೆ. ಚಾರ್ಟ್ ತೂಗುಹಾಕಿ, ನೀಲಿಗೆ ಈ ಅರ್ಥ, ಬೆಳ್ಳಿಗೆ ಆ ಅರ್ಥ ಅಂತ ಒಂದೂವರೆ ತಾಸು ಕೊರೆದೆ. ಬಣ್ಣಗಳಿಗೆ ಹೀಗೇ ಅರ್ಥ ಅಂತ ಬೈಬಲ್ ಎಲ್ಲೂ ಹೇಳಿಲ್ಲ ಅನ್ನೋದು ಮನೆಗೆ ಬಂದ ಮೇಲೆ ಹೊಳೆಯಿತು.

ಮರುವರ್ಷ ಚಾರ್ಟ್ ಬಿಟ್ಟೆ. ಬೈಬಲಿನ ವಿಮೋಚನಕಾಂಡದಲ್ಲಿ ಗುಡಾರದ ಅಳತೆಯೆಲ್ಲ ಮೊಳದಲ್ಲಿದೆ; ಹೂವಿನವಳ ಮೊಳ ಯಾರಿಗೆ ಗೊತ್ತಿಲ್ಲ? ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಅಪ್ಪನ ಮೊಳಕ್ಕೂ ಮಗಳ ಮೊಳಕ್ಕೂ ಹೊಂದದೆ ಜಗಳ ಎದ್ದು, ಕೊನೆಗೆ ಒಂದೂವರೆ ಅಡಿ ಅಂತ ಒಪ್ಪಂದವಾಯಿತು. ಹಾಗೆ 150 ಅಡಿ ನಮ್ಮ ಬಯಲಲ್ಲಿ ಹಿಡಿಸಲಿಲ್ಲ, ಎಲ್ಲವನ್ನೂ ಅರ್ಧಕ್ಕೆ ಇಳಿಸಿದೆವು. ಸುಣ್ಣದ ಪುಡಿಯ ಗೆರೆ, ಬಿದಿರ ಗಳ, ಹಳೆಯ ಬೆಡ್‌ಶೀಟು. ಬಾಗಿಲು ಒಂದೇ, ಪೂರ್ವಕ್ಕೆ.

"ಇದು ಗರ್ಭಗುಡಿ ಇದ್ದಂಗ ಐತಲ್ರೀ" ಎಂದರು ಒಬ್ಬ ಅಜ್ಜಿ. ಒಳಗೊಳಗೆ ಹೋದಷ್ಟೂ ಪವಿತ್ರ ಎನ್ನುವ ಮಟ್ಟಿಗೆ ನಿಜ. ಆದರೆ ಅಲ್ಲಿ ಮೂರ್ತಿ ಇಲ್ಲ. ಚಿನ್ನದ ತಗಡು ಹೊದಿಸಿದ ಜಾಲೀಮರದ ಮಂಜೂಷ, ಅಂದರೆ ಪೆಟ್ಟಿಗೆ, ಅದರೊಳಗೆ ಆಜ್ಞೆಗಳ ಕಲ್ಲಿನ ಹಲಗೆಗಳು. ಬೇಲಿಗೆ ಹಾಕುವ ಜಾಲಿಯ ನೆಂಟಮರಕ್ಕೆ ಚಿನ್ನವೇ ಅಂತ ಹುಡುಗರಿಗೆ ನಗು.

ಯಜ್ಞವೇದಿಯ ಹತ್ತಿರ ಬಂದಾಗ ನಾನು ನಿರೀಕ್ಷಿಸದ ಪ್ರಶ್ನೆ: "ಆ ಮಾಂಸ ಯಾರು ತಿಂತಿದ್ರು?" ಸರ್ವಾಂಗಹೋಮವಾದರೆ ಪೂರ್ತಿ ಬೆಂಕಿಗೆ. ಸಮಾಧಾನಯಜ್ಞದಲ್ಲಿ ಕೊಬ್ಬು ವೇದಿಗೆ, ಎದೆಭಾಗ ಮತ್ತು ಬಲತೊಡೆ ಯಾಜಕರಿಗೆ, ಉಳಿದದ್ದು ತಂದವನ ಮನೆಮಂದಿಗೆ. ಕೃತಜ್ಞತೆಗಾಗಿ ಕೊಟ್ಟದ್ದಾದರೆ ಅದೇ ದಿನ ಉಂಡು ಮುಗಿಸಬೇಕು. ಆರಾಧನೆ ಅಂದರೆ ದೇವರ ಮುಂದೆ ಕುಟುಂಬ ಕೂತು ಉಣ್ಣುವುದೂ ಹೌದು ಅಂತ ತಿಳಿದಾಗ ಸಭೆಯಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಮಾತು ತಾನಾಗಿ ಬಂತು. (ಪಸ್ಕದೂಟದ ನಾಟಕ ಮಾಡೋಣ ಅಂದವರಿಗೆ ಮಾತ್ರ ಬೇಡ ಅಂದೆ. ಯೆಹೂದ್ಯರು ಇಂದಿಗೂ ಮನೆಯಲ್ಲಿ ಮಾಡುವ ಹಬ್ಬ ಅದು, ನಮ್ಮ ಪಾಠದ ಸಾಮಾನಲ್ಲ.)

ಆಮೇಲೆ ಎಲ್ಲರನ್ನೂ ಅಂಗಳದಲ್ಲೇ ತಡೆದೆ. ಪವಿತ್ರಸ್ಥಳದೊಳಗೆ ಯಾಜಕರು ಮಾತ್ರ. ಅದರ ಒಳತುದಿಯಲ್ಲಿ ಮಂಜೂಷವನ್ನು ಮರೆಮಾಡುವ ತೆರೆ; ಅದರ ಆಚೆಗೆ ಮಹಾಯಾಜಕನೊಬ್ಬನೇ, ಅದೂ ವರ್ಷಕ್ಕೊಂದು ದಿನ, ಬಲಿಯ ರಕ್ತ ಹಿಡಿದು. ಬಿಸಿಲಲ್ಲಿ ಐದು ನಿಮಿಷ ನಿಂತವರೊಬ್ಬರು ಕೇಳಿದರು: "ಹಂಗಾದ್ರ ನಾವು ಇಲ್ಲೇ ನಿಂದರಬೇಕೇನ್ರೀ?" ಉತ್ತರ ಹೇಳದೆ, ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯವನ್ನು ಅವರ ಕೈಯಲ್ಲೇ ಓದಿಸಿದೆ. ಯೇಸುವಿನ ರಕ್ತದ ಮೂಲಕ ಧೈರ್ಯವಾಗಿ ಒಳಗೆ ಹೋಗಬಹುದು ಎನ್ನುವ ಜಾಗ ಬಂದಾಗ ಅವರ ದನಿ ನಿಂತಿತು.

ಗುಡಾರದ ಜಾಗಕ್ಕೆ ಮುಂದೆ ಯೆರೂಸಲೇಮಿನ ದೇವಾಲಯ ಬಂತು; ಯೇಸು ಪ್ರಾಣಬಿಟ್ಟಾಗ ಅಲ್ಲಿನ ತೆರೆ ಮೇಲಿಂದ ಕೆಳಗಿನವರೆಗೆ ಹರಿಯಿತು ಅಂತ ಮತ್ತಾಯ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ನಮ್ಮ ಬೆಡ್‌ಶೀಟನ್ನೂ ಹರಿಯೋಣ ಅಂತ ಒಂದು ಹುಡುಗಿಯನ್ನು ಕರೆದೆ. ಅವಳು ಎರಡು ಸಲ ಎಗರಿ, ನನ್ನ ಕಡೆ ತಿರುಗಿದಳು: "ಮ್ಯಾಲಿಂದ ಹರಿಯಾಕ ಕೈ ಎಟಕಂಗಿಲ್ರೀ ಸರ್."

ಬೆಡ್‌ಶೀಟು ಹರಿಯದೆಯೇ ಉಳಿಯಿತು.